ತಪಾಸಣೆ ಮುಗಿಸಿ ಬಂದ ದಿನದಿಂದ ಮನೆಯವರೆಲ್ಲರ ತಟ್ಟೆಯ ಮೇಲೆಯೇ ನನ್ನ ಕಣ್ಣು

ಹೊಸಿಲು:

ಎಲ್ಲರಿಗೂ ನಮಸ್ಕಾರ. ಬರೆಯಬೇಕೆಂದುಕೊಂಡು ಮೂರು ವಾರ ಕಳೆದೆ. ನಿನ್ನೆ ರಾತ್ರಿ ಮಗಳು ಕೇಳಿದ ಒಂದು ಪ್ರಶ್ನೆಯಿಂದಾಗಿ ಇಂದು ಬರೆಯುತ್ತಿದ್ದೇನೆ.

ನನಗೆ 41 ವರ್ಷ. ಎತ್ತರ 158 ಸೆಂ.ಮೀ., ತೂಕ 82 ಕೆ.ಜಿ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ತೋರಿಸಿಕೊಳ್ಳಲು ಹೋದಾಗ ವೈದ್ಯರು ಪೂರ್ತಿ ತಪಾಸಣೆ ಮಾಡಿಸಿದರು. ಎಚ್‌ಬಿಎ1ಸಿ 6.1 ಬಂದಿದೆ. ರಕ್ತದೊತ್ತಡ 138/88. ಯಕೃತ್ತಿನಲ್ಲಿ ಕೊಬ್ಬು ಸೇರಿದೆ ಎಂದು ಸ್ಕ್ಯಾನಿಂಗ್ ವರದಿ ಹೇಳುತ್ತಿದೆ. ಇಸಿಜಿಯಲ್ಲಿ ತೊಂದರೆ ಇಲ್ಲವಂತೆ. ವರದಿಗಳನ್ನು ತಿರುವಿ ಹಾಕಿದ ವೈದ್ಯರು, "ತೂಕ ಇಳಿಸಿ, ಇಲ್ಲದಿದ್ದರೆ ನಿಮ್ಮ ತಂದೆಯ ದಾರಿಯೇ ನಿಮ್ಮದೂ" ಎಂದರು. ಮೂರು ನಿಮಿಷದಲ್ಲಿ ಹೊರಗೆ ಬಂದಿದ್ದೆ. ಏನು ಮಾಡಬೇಕು, ಎಷ್ಟು ಇಳಿಸಬೇಕು ಎಂದು ಕೇಳುವುದಕ್ಕೂ ನಾಲಿಗೆ ಏಳಲಿಲ್ಲ.

ನನ್ನ ತಂದೆಗೆ 45ನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂತು. 52ರಲ್ಲಿ ಮೊದಲ ಹೃದಯಾಘಾತ, 56ರಲ್ಲಿ ಎರಡನೆಯದು. ಎರಡನೆಯದರಿಂದ ಅವರು ಏಳಲಿಲ್ಲ. ನನ್ನ ತಂಗಿಗೆ ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿತ್ತು, ಹೆರಿಗೆಯ ನಂತರ ಸರಿಹೋಯಿತು ಎಂದು ಅವಳು ಮತ್ತೆ ಪರೀಕ್ಷೆಯನ್ನೇ ಮಾಡಿಸಿಕೊಂಡಿಲ್ಲ. ನನ್ನ ಯಜಮಾನರು ತೆಳ್ಳಗಿದ್ದಾರೆ. ತಮಗೆ ಏನೂ ಆಗುವುದಿಲ್ಲವೆಂಬ ಧೈರ್ಯ ಅವರದು.

ಉಳಿದವಳು ಮಗಳು, 11 ವರ್ಷ. ಕಳೆದ ಒಂದೂವರೆ ವರ್ಷದಲ್ಲಿ ದಪ್ಪಗಾಗಿದ್ದಾಳೆ. ಆ ದಿನ ಮನೆಗೆ ಬಂದು ಮೊದಲು ನೋಡಿದ್ದು ಅವಳನ್ನೇ. ಸಿಹಿ ತಿಂಡಿಯ ಡಬ್ಬಿಗಳನ್ನೆಲ್ಲ ಖಾಲಿ ಮಾಡಿದೆ. ಪ್ರತಿ ಭಾನುವಾರ ಬೆಳಗ್ಗೆ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಾ ಬಂದೆ. ಎರಡನೇ ಸಲ ಬಡಿಸಿಕೊಳ್ಳಲು ಕೈ ಚಾಚಿದರೆ "ಅಜ್ಜನ ಹಾಗೆ ಆಗುತ್ತದೆ, ಸಾಕು" ಎನ್ನುತ್ತಿದ್ದೆ. ನಿನ್ನೆ ಮಲಗುವ ಮುನ್ನ ಅವಳು ಬಂದು ಕೇಳಿದಳು: "ಅಮ್ಮಾ, ನನ್ನ ತೂಕ ಎಷ್ಟು ಬಂದರೆ ನೀನು ಅಳುವುದನ್ನು ನಿಲ್ಲಿಸುತ್ತೀಯ?"

ನಾನು ಸ್ನಾನದ ಮನೆಯಲ್ಲಿ ಅಳುತ್ತಿದ್ದುದು ಅವಳಿಗೆ ಕೇಳಿಸುತ್ತಿತ್ತಂತೆ.

ಈ ಅಂಕಿಗಳ ಅರ್ಥವೇನು? ನನಗೆ ಈಗಾಗಲೇ ಸಕ್ಕರೆ ಕಾಯಿಲೆ ಬಂದಿದೆಯೇ? ಮಗಳ ವಿಷಯದಲ್ಲಿ ನಾನು ಮಾಡುತ್ತಿರುವುದು ಸರಿಯೇ? ತಿಳಿದವರು ದಯವಿಟ್ಟು ಹೇಳಿ.


ಇಬ್ಬನಿ:

ಆ ಹಾಳೆಯನ್ನು ಇವತ್ತೇ ಗೋಡೆಯಿಂದ ತೆಗೆಯಿರಿ ಅಕ್ಕ. ಉಳಿದದ್ದನ್ನು ನಾಳೆ ಯೋಚಿಸೋಣ.


ನೆರಳು:

ಹೊಸಿಲು ಅವರೇ, ನಾನು 27 ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ನಿಮ್ಮನ್ನು ಪರೀಕ್ಷಿಸಿದ ವೈದ್ಯರ ಜಾಗದಲ್ಲಿ ನಿಂತು ನಾನು ಏನನ್ನೂ ನಿರ್ಧರಿಸಲಾರೆ. ಆದರೆ ಆ ಮೂರು ನಿಮಿಷದಲ್ಲಿ ನಿಮಗೆ ಸಿಗಬೇಕಾಗಿದ್ದ ವಿವರಣೆಯನ್ನು ಕೊಡಬಲ್ಲೆ.

ಎಚ್‌ಬಿಎ1ಸಿ ಎಂಬುದು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ. ಕೆಂಪು ರಕ್ತಕಣ 120 ದಿನಗಳಷ್ಟು ಬದುಕುತ್ತದೆ, ಅಷ್ಟು ಕಾಲ ರಕ್ತದಲ್ಲಿ ಎಷ್ಟು ಸಕ್ಕರೆ ಇತ್ತು ಎಂಬುದರ ಗುರುತು ಅದರ ಮೇಲೆ ಉಳಿದಿರುತ್ತದೆ. 6.5 ಮತ್ತು ಅದಕ್ಕಿಂತ ಹೆಚ್ಚಾದರೆ ಮಧುಮೇಹ. 5.7ರಿಂದ 6.4ರವರೆಗಿನದನ್ನು ಮಧುಮೇಹದ ಮುಂಚಿನ ಹಂತ ಎನ್ನುತ್ತಾರೆ. ನೀವು ಇರುವುದು ಇಲ್ಲಿ. ಕಾಯಿಲೆ ಬಂದಿಲ್ಲ, ಬಾಗಿಲ ಬಳಿ ನಿಂತಿದೆ. ಒಂದು ಮಾತು: ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ಕಾಣಿಸಬಹುದು. ನಿಮ್ಮ ಹಿಮೋಗ್ಲೋಬಿನ್ ಎಷ್ಟಿದೆ ನೋಡಿ. ಏದುಸಿರಿಗೂ ಅದೇ ಕಾರಣವಾಗಿರಬಹುದು. ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಕೇಳಿ.

138/88 ಎಂಬುದನ್ನು ಒಂದೇ ಸಲ ನೋಡಿ ಹೆದರಬೇಡಿ. ಆಸ್ಪತ್ರೆಯಲ್ಲಿ ಕುಳಿತಾಗ ಭಯದಿಂದಲೇ ಒತ್ತಡ ಏರುವವರನ್ನು ನಾನು ದಿನವೂ ನೋಡಿದ್ದೇನೆ. ಮನೆಯಲ್ಲಿ ಅಳೆಯಿರಿ. ಬೆನ್ನಿಗೆ ಒರಗು ಇರಲಿ, ಎರಡೂ ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟದಲ್ಲಿರಲಿ. ಐದು ನಿಮಿಷ ಸುಮ್ಮನೆ ಕುಳಿತ ನಂತರ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಬೆಳಗ್ಗೆ ಮತ್ತು ಸಂಜೆ, ಏಳು ದಿನ. ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿಯನ್ನು ವೈದ್ಯರಿಗೆ ತೋರಿಸಿ. ಅಳೆಯುವಾಗ ಮಾತನಾಡಬೇಡಿ, ಮಾತಿಗೂ ಒತ್ತಡ ಏರುತ್ತದೆ.

ಈಗ ಮುಖ್ಯ ವಿಷಯ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಸುಮಾರು 33. 25ಕ್ಕೆ ಇಳಿಯಬೇಕೆಂದರೆ 20 ಕೆ.ಜಿ. ಹೋಗಬೇಕು ಎಂದು ಲೆಕ್ಕ ಹಾಕಿ ಎದೆ ಒಡೆದುಕೊಂಡಿರುತ್ತೀರಿ. ಅಷ್ಟೆಲ್ಲ ಇಳಿಸುವ ಮೊದಲೇ ಫಲ ಸಿಗಲು ಆರಂಭವಾಗುತ್ತದೆ. 2002ರಲ್ಲಿ ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಎಲ್ಲರೂ ನಿಮ್ಮ ಹಾಗೆ ಸಕ್ಕರೆ ಅಂಚಿನಲ್ಲಿದ್ದವರು. ಒಂದು ಗುಂಪಿಗೆ ಕೊಟ್ಟ ಗುರಿ ತೂಕದ ಶೇ 7ರಷ್ಟು ಇಳಿಕೆ ಮತ್ತು ವಾರಕ್ಕೆ 150 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ. ಅವರಲ್ಲಿ ಮಧುಮೇಹಕ್ಕೆ ತಿರುಗುವ ಅಪಾಯ ಶೇ 58ರಷ್ಟು ತಗ್ಗಿತು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ತಗ್ಗಿದ್ದು ಶೇ 31. ಅದಕ್ಕೆ ಹಿಂದಿನ ವರ್ಷವೇ ಫಿನ್ಲೆಂಡ್‌ನ ಅಧ್ಯಯನವೂ ಅದೇ ಶೇ 58ನ್ನು ಕಂಡಿತ್ತು. ನಿಮ್ಮ 82ರಲ್ಲಿ ಶೇ 7 ಎಂದರೆ 6 ಕೆ.ಜಿ.ಗೂ ಕಡಿಮೆ. ಯಕೃತ್ತಿನ ಕೊಬ್ಬು ಶೇ 5ರಷ್ಟು ಇಳಿಕೆಗೇ ಕರಗಲು ಆರಂಭಿಸುತ್ತದೆ. ಅದು ನಿಮಗೆ 4 ಕೆ.ಜಿ.

ತಂದೆಯವರಿಗೆ 52ಕ್ಕೆ ಹೃದಯಾಘಾತವಾದದ್ದನ್ನು ವಯಸ್ಸಿನ ಸಮೇತ ವೈದ್ಯರಿಗೆ ಹೇಳಿ. ತಂದೆ ಅಥವಾ ಸಹೋದರನಿಗೆ 55ರೊಳಗೆ, ತಾಯಿ ಅಥವಾ ಸಹೋದರಿಗೆ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಮೆಟ್ಟಿಲು ಹತ್ತುವಾಗ ಎದೆ ಹಿಂಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ತಣ್ಣನೆಯ ಬೆವರು ಬಂದರೆ ಯಾರನ್ನೂ ಕೇಳುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ತಂಗಿಗೆ ಇಂದೇ ಫೋನ್ ಮಾಡಿ. ಗರ್ಭಾವಸ್ಥೆಯಲ್ಲಿ ಸಕ್ಕರೆ ಏರಿದ್ದ ಹೆಂಗಸರು ಒಂದರಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುತ್ತಲೇ ಇರಬೇಕು, ಜೀವನಪೂರ್ತಿ.

ಮಗಳ ಬಗ್ಗೆ ಬೇರೆಯಾಗಿ ಬರೆಯುತ್ತೇನೆ. ಅದಕ್ಕೆ ಸ್ವಲ್ಪ ಯೋಚಿಸಬೇಕು.


ಎರಡನೇ ಪಾಳಿ:

ವೈದ್ಯರ ಆ ಒಂದು ವಾಕ್ಯದ ಬಗ್ಗೆ ಹೇಳಬೇಕೆನಿಸಿತು. ನನಗೂ ಒಬ್ಬರು ಮಂಡಿ ನೋವಿಗೆ ಹೋದಾಗ, ಪಕ್ಕದಲ್ಲಿ ಇಬ್ಬರು ರೋಗಿಗಳಿದ್ದರೂ ಲೆಕ್ಕಿಸದೆ, "ಇಷ್ಟು ಹೊತ್ತುಕೊಂಡು ತಿರುಗಿದರೆ ಮಂಡಿ ಏನು ಮಾಡೀತು" ಎಂದಿದ್ದರು. ಅದಾದ ಮೇಲೆ ಆರು ವರ್ಷ ನಾನು ಯಾವ ವೈದ್ಯರ ಬಳಿಗೂ ಹೋಗಲಿಲ್ಲ. ಆ ಆರು ವರ್ಷದಲ್ಲಿ ನನ್ನ ರಕ್ತದೊತ್ತಡ ಏರುತ್ತಲೇ ಇತ್ತು, ನನಗೆ ಗೊತ್ತಿರಲಿಲ್ಲ. ಅವಮಾನ ಮಾಡಿದರೆ ಜನ ತೂಕ ಇಳಿಸುತ್ತಾರೆ ಎಂದು ನಂಬಿರುವ ಪ್ರತಿಯೊಬ್ಬರೂ ಈ ಆರು ವರ್ಷಗಳ ಕಥೆ ಕೇಳಬೇಕು.

ಕೊನೆಗೆ ಹೋದದ್ದು ಹೆಂಡತಿಯ ಒತ್ತಾಯಕ್ಕೆ. ನನ್ನ ಗೊರಕೆ ನಡುವೆ ನಿಂತುಹೋಗಿ, ಸ್ವಲ್ಪ ಹೊತ್ತಿನ ಮೇಲೆ ಉಸಿರು ಕಟ್ಟಿದವನಂತೆ ಎದ್ದು ಕೂರುತ್ತೇನೆ ಎಂದು ಅವಳು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ವೈದ್ಯರಿಗೆ ಕೇಳಿಸಿದಳು. ನಿದ್ರೆಯಲ್ಲಿ ಉಸಿರಾಟ ನಿಲ್ಲುವ ತೊಂದರೆ ಅದು, ಸ್ಲೀಪ್ ಆಪ್ನಿಯಾ. ಪರೀಕ್ಷೆ ಮಾಡಿಸಿ, ರಾತ್ರಿ ಮೂಗಿಗೆ ಹಾಕಿಕೊಳ್ಳುವ ಯಂತ್ರ ಕೊಟ್ಟರು. ನಿದ್ರೆ ಸರಿಯಾದ ಮೇಲೆಯೇ ನನಗೆ ನಡೆಯುವ ಶಕ್ತಿ ಬಂದದ್ದು. ಅದಕ್ಕೆ ಮುಂಚೆ ನನ್ನನ್ನು ಸೋಮಾರಿ ಎಂದವರ ಮಾತನ್ನು ನಾನೂ ನಂಬಿದ್ದೆ. ಹೊಸಿಲು ಅವರೇ, ನಿಮಗೆ ತಲೆಭಾರ, ಹಗಲು ತೂಕಡಿಕೆ ಇದ್ದರೆ ಇದನ್ನೂ ಕೇಳಿ ನೋಡಿ.


ನೇರ ಮಾತು:

ನಾನು ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಗುವಿನ ಮನಸ್ಸು ನೋಯುತ್ತದೆ ಎಂದು ಸುಮ್ಮನಿದ್ದರೆ ದೇಹ ಸುಮ್ಮನಿರುವುದಿಲ್ಲ. ನನ್ನ ಅಣ್ಣ ಚಿಕ್ಕಂದಿನಿಂದ ದಪ್ಪ. ಮನೆಯಲ್ಲಿ ಎಲ್ಲರೂ ಮುದ್ದು ಮಾಡಿದರು, ಒಬ್ಬರೂ ಏನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. 44ಕ್ಕೆ ಹೋದ. ಅವನ ಇಬ್ಬರು ಮಕ್ಕಳನ್ನು ನೋಡಿದಾಗಲೆಲ್ಲ, ಯಾರಾದರೂ ಗದರಿಸಿದ್ದರೆ ಎಂದೇ ಅನಿಸುತ್ತದೆ. ಮಗಳು ಅತ್ತರೂ ಸರಿ, ತಾಯಿಯಾದವಳು ಕಟ್ಟುನಿಟ್ಟಾಗಿರಬೇಕು. ಇದು ನನ್ನ ಅಭಿಪ್ರಾಯ.


ಸೂಜಿದಾರ:

ನೇರ ಮಾತು ಅವರೇ, ನಿಮ್ಮ ಅಣ್ಣನ ಸುದ್ದಿ ಓದಿ ಸಂಕಟವಾಯಿತು. ಗದರಿಸಿಕೊಂಡ ಮಗು ನಾನು. ಅದು ಹೇಗಿರುತ್ತದೆ ಎಂದು ಹೇಳಲು ಬಿಡಿ.

ನನಗೆ ಹತ್ತು ವರ್ಷವಾದಾಗಿನಿಂದ ಅಮ್ಮ ತಿಂಗಳಿಗೊಮ್ಮೆ ತೂಕ ನೋಡುತ್ತಿದ್ದಳು. ಹಿಂದಿನ ದಿನ ನಾನು ಊಟ ಬಿಡುತ್ತಿದ್ದೆ. ತೂಕ ನೋಡಿ ಆದ ಸಂಜೆ, ಅಡುಗೆಮನೆಯಲ್ಲಿ ದೀಪ ಹಾಕದೆ ನಿಂತು, ಕೈಗೆ ಸಿಕ್ಕಿದ್ದನ್ನೆಲ್ಲ ತಿನ್ನುತ್ತಿದ್ದೆ. ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ ತೆಗೆಯುವುದು ಹೇಗೆಂದು ಇಂದಿಗೂ ನನ್ನ ಬೆರಳುಗಳಿಗೆ ಗೊತ್ತಿದೆ. ಹಸಿವಾಗಿದೆಯೋ ಇಲ್ಲವೋ ಎಂದು ತಿಳಿಯುವ ಶಕ್ತಿಯೇ ನನ್ನಿಂದ ಹೊರಟುಹೋಯಿತು. ಈಗ ನನಗೆ 34. ತೂಕ ಇಳಿಯಿತೇ ಎಂದರೆ, ಇಲ್ಲ. ಎರಡು ವರ್ಷದಿಂದ ಆಪ್ತ ಸಮಾಲೋಚಕರ ಬಳಿ ಹೋಗುತ್ತಿದ್ದೇನೆ. ದೀಪ ಹಾಕಿ, ಕುಳಿತು, ತಟ್ಟೆಯಲ್ಲಿ ಬಡಿಸಿಕೊಂಡು ತಿನ್ನುವುದನ್ನು ಈಗ ಕಲಿಯುತ್ತಿದ್ದೇನೆ.

ಅಮ್ಮನಿಗೆ ನನ್ನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಹೆದರಿದ್ದಳು, ಹೊಸಿಲು ಅವರ ಹಾಗೆಯೇ. ಆದರೆ ಭಯ ಅವಳದು, ತೂಕದ ಯಂತ್ರದ ಮೇಲೆ ನಿಂತವಳು ನಾನು.

ಹೊಸಿಲು ಅವರೇ, ನಿಮ್ಮ ಮಗಳು ನಿಮ್ಮನ್ನು ನೇರವಾಗಿ ಕೇಳಿದ್ದಾಳೆ. ನಾನು ಅಮ್ಮನನ್ನು ಒಮ್ಮೆಯೂ ಕೇಳಲಿಲ್ಲ. ಅವಳು ಇನ್ನೂ ನಿಮ್ಮ ಬಳಿಗೇ ಬರುತ್ತಿದ್ದಾಳೆ.


ನೇರ ಮಾತು:

ಸೂಜಿದಾರ ಅವರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಮ್ಮ ಅಣ್ಣನೂ ರಾತ್ರಿ ಒಬ್ಬನೇ ತಿನ್ನುತ್ತಿದ್ದ. ಮನೆಯಲ್ಲಿ ಯಾರೂ ಏನೂ ಅನ್ನದಿದ್ದರೂ ಶಾಲೆಯಲ್ಲಿ ಏನೇನು ಕೇಳಿಸಿಕೊಂಡಿದ್ದನೋ, ನಾವು ವಿಚಾರಿಸಲೇ ಇಲ್ಲ. ಹಾಗಾದರೆ ಸುಮ್ಮನಿರುವುದೂ ತಪ್ಪು, ಗದರಿಸುವುದೂ ತಪ್ಪು ಎಂದಾದರೆ ಮಾಡುವುದೇನು? ನಿಜವಾಗಿ ಕೇಳುತ್ತಿದ್ದೇನೆ.


ನೆರಳು:

ಮಗುವಿನ ತೂಕದ ಬಗ್ಗೆ ಮಗುವಿನೊಡನೆ ಮಾತು ಕಡಿಮೆ, ಮನೆಯ ನಡವಳಿಕೆಯಲ್ಲಿ ಬದಲಾವಣೆ ಹೆಚ್ಚು. ನಾನು ಕಂಡ ಮನೆಗಳಲ್ಲಿ ನಡೆದದ್ದು ಇದೊಂದೇ.

ಮೊದಲು, ಆ ಮಗುವಿಗೆ ನಿಜವಾಗಿ ತೊಂದರೆ ಇದೆಯೇ ಎಂದೇ ಗೊತ್ತಿಲ್ಲ. ದೊಡ್ಡವರ ಬಿಎಂಐ ಅಳತೆಗೋಲನ್ನು ಮಕ್ಕಳಿಗೆ ಹಿಡಿಯುವಂತಿಲ್ಲ. ವಯಸ್ಸು ಮತ್ತು ಹೆಣ್ಣು ಗಂಡು ಎಂಬುದನ್ನು ನೋಡಿಕೊಂಡು ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಹಾಕಿ, ಹಿಂದಿನ ವರ್ಷಗಳ ಗುರುತುಗಳ ಜೊತೆ ಹೋಲಿಸಿ ಮಕ್ಕಳ ವೈದ್ಯರು ಹೇಳಬೇಕು. ಹತ್ತು ಹನ್ನೊಂದರ ಹೆಣ್ಣುಮಕ್ಕಳು ಮೈನೆರೆಯುವ ಮುನ್ನ ತುಂಬಿಕೊಳ್ಳುವುದು ಸಹಜ ಬೆಳವಣಿಗೆಯ ಭಾಗವೂ ಹೌದು. ತೂಕ ನಿಜಕ್ಕೂ ಹೆಚ್ಚಿದ್ದರೂ ಬೆಳೆಯುವ ಮಕ್ಕಳಲ್ಲಿ ಅನೇಕ ಸಲ ಇಳಿಸುವ ಗುರಿಯೇ ಇರುವುದಿಲ್ಲ. ತೂಕ ಇದ್ದಲ್ಲೇ ನಿಂತು ಎತ್ತರ ಏರಿದರೆ ತಾನಾಗಿ ಹೊಂದಿಕೆಯಾಗುತ್ತದೆ.

ಒಂದನ್ನು ಮಾತ್ರ ಗಮನಿಸಿ. ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ, ಮಖಮಲ್ಲಿನ ಹಾಗೆ ದಪ್ಪಗಾಗಿದ್ದರೆ ವೈದ್ಯರಿಗೆ ಹೇಳಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ ಅದಾಗಿರಬಹುದು. ಕೊಳೆ ಎಂದುಕೊಂಡು ತಾಯಂದಿರು ತಿಕ್ಕಿ ತಿಕ್ಕಿ ಮಕ್ಕಳ ಚರ್ಮ ಕೆಂಪಾಗಿಸಿರುವುದನ್ನು ನೋಡಿ ನನ್ನ ಹೊಟ್ಟೆ ಉರಿದದ್ದಿದೆ.

ಮನೆಯ ವಿಷಯಕ್ಕೆ ಬಂದರೆ, ಮಗಳ ತಟ್ಟೆ ಬೇರೆ, ನಿಮ್ಮ ತಟ್ಟೆ ಬೇರೆ ಎಂದು ಮಾಡಬೇಡಿ. ಸಿಹಿ ಪಾನೀಯ ಮನೆಗೆ ಬರುವುದು ನಿಂತರೆ ತೆಳ್ಳಗಿರುವ ಯಜಮಾನರಿಗೂ ನಿಲ್ಲಲಿ. ತರಕಾರಿ ಹೆಚ್ಚಾದರೆ ಎಲ್ಲರಿಗೂ ಹೆಚ್ಚಾಗಲಿ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಅಂದರೆ ಒಂದು ಚಹಾ ಚಮಚದಷ್ಟು. ಊಟದ ಹೊತ್ತಿನಲ್ಲಿ ಟಿ.ವಿ., ಮೊಬೈಲ್ ಯಾರ ಕೈಯಲ್ಲೂ ಬೇಡ. ಏನು ಬೇಯಿಸಬೇಕು, ಯಾವಾಗ ಬಡಿಸಬೇಕು ಎಂಬುದು ನಿಮ್ಮ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಎಂಬುದನ್ನು ಮಗು ತನ್ನ ಹೊಟ್ಟೆಯನ್ನು ಕೇಳಿ ತಿಳಿಯಲಿ.

ಯಜಮಾನರ ಸೊಂಟದ ಸುತ್ತಳತೆಯನ್ನೂ ಒಮ್ಮೆ ಟೇಪು ಹಿಡಿದು ನೋಡಿ. ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ತೆಳ್ಳಗಿನ ಕೈಕಾಲು ನೋಡಿ ಒಳಗಿನದನ್ನು ಹೇಳಲಾಗದು.


ಹದಿನಾರು ಮೆಟ್ಟಿಲು:

ನೆರಳು ಅವರ ಮಾತಿಗೆ ಒಂದು ಸೇರಿಕೆ. 2007ರಲ್ಲಿ ಬಂದ ಒಂದು ಪ್ರಸಿದ್ಧ ಅಧ್ಯಯನ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ ಹನ್ನೆರಡು ಸಾವಿರ ಜನರ 32 ವರ್ಷಗಳ ದಾಖಲೆಗಳನ್ನು ಜಾಲಾಡಿತು. ಗಂಡ ಹೆಂಡಿರಲ್ಲಿ ಒಬ್ಬರಿಗೆ ಬೊಜ್ಜು ಬಂದರೆ ಇನ್ನೊಬ್ಬರಿಗೂ ಬರುವ ಸಾಧ್ಯತೆ ಶೇ 37ರಷ್ಟು ಏರುತ್ತಿತ್ತು. ಗಂಡ ಹೆಂಡಿರ ನಡುವೆ ರಕ್ತಸಂಬಂಧವಿಲ್ಲವಲ್ಲ. ಹಾಗಾಗಿ "ನಮ್ಮ ವಂಶವೇ ಹೀಗೆ" ಎಂದು ಕೈಚೆಲ್ಲುವ ಮುನ್ನ ಒಂದೇ ಸೂರಿನ ಅಡಿಯ ಅಭ್ಯಾಸಗಳನ್ನೂ ನೋಡಬೇಕು. ನಮ್ಮ ಮನೆಯಲ್ಲಿ ನಾನು ನಡೆಯಲು ಶುರು ಮಾಡಿದ ನಾಲ್ಕನೇ ತಿಂಗಳಿಗೆ, ಒಂದು ಮಾತೂ ಹೇಳದೆ, ಅಪ್ಪ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.


ಹೊಸಿಲು:

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ. ಹಾಳೆಯನ್ನು ಆ ರಾತ್ರಿಯೇ ತೆಗೆದೆ. ಹಿಮೋಗ್ಲೋಬಿನ್ 9.8 ಇದೆ, ವರದಿಯ ಮೂಲೆಯಲ್ಲಿ ಬರೆದಿತ್ತು, ನಾನು ನೋಡಿರಲೇ ಇಲ್ಲ. ಬೇರೆ ವೈದ್ಯರ ಬಳಿ ಸಮಯ ಪಡೆದಿದ್ದೇನೆ. ಕೇಳಬೇಕಾದ್ದನ್ನೆಲ್ಲ ಬರೆದುಕೊಂಡು ಹೋಗುತ್ತೇನೆ. ತೂಕ ಇಳಿಸುವ ಚುಚ್ಚುಮದ್ದಿನ ಬಗ್ಗೆ ಕಚೇರಿಯಲ್ಲಿ ಎಲ್ಲರೂ ಮಾತನಾಡುತ್ತಾರೆ. ಅದು ನನಗೆ ಬೇಕಾಗಬಹುದೇ?


ನೆರಳು:

ಸೆಮಾಗ್ಲುಟೈಡ್‌ನಂಥ ಔಷಧಗಳು ನಿಜವಾಗಿಯೂ ಕೆಲಸ ಮಾಡುತ್ತವೆ, ಅವನ್ನು ತೆಗೆದುಕೊಳ್ಳುವವರನ್ನು ಯಾರೂ ಹಳಿಯಬಾರದು. ಹಸಿವನ್ನು ತಗ್ಗಿಸಿ, ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ. ಆದರೆ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಸುಮಾರು ಮೂರನೇ ಎರಡು ಭಾಗ ಹಿಂದಿರುಗಿದ್ದನ್ನು ಅಧ್ಯಯನದಲ್ಲಿ ಕಂಡಿದ್ದಾರೆ. ಬೊಜ್ಜು ದೀರ್ಘಕಾಲದ ಕಾಯಿಲೆ ಎಂಬುದಕ್ಕೆ ಅದು ಸಾಕ್ಷಿ. ಕುಟುಂಬದಲ್ಲಿ ಮೆಡುಲ್ಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರ್ ಇದ್ದವರು ತೆಗೆದುಕೊಳ್ಳುವಂತಿಲ್ಲ. ವೈದ್ಯರ ನಿಗಾ ಇಲ್ಲದೆ ಮುಟ್ಟಲೇಬೇಡಿ. ಅದನ್ನೂ ಆ ಚೀಟಿಯಲ್ಲಿ ಬರೆದುಕೊಳ್ಳಿ.


ಇಬ್ಬನಿ:

ಚೀಟಿಯ ಮೊದಲ ಸಾಲಿನಲ್ಲಿ ರಕ್ತಹೀನತೆ ಇರಲಿ ಅಕ್ಕ.


ಹೊಸಿಲು (ಒಂಬತ್ತು ವಾರಗಳ ನಂತರ):

ತಡವಾಯಿತು, ಕ್ಷಮಿಸಿ.

ಹೊಸ ವೈದ್ಯೆ ನನ್ನ ಚೀಟಿಯನ್ನು ಕೈಗೆ ತೆಗೆದುಕೊಂಡು ಸಾಲು ಸಾಲಾಗಿ ಉತ್ತರ ಕೊಟ್ಟರು. ಕಬ್ಬಿಣಾಂಶದ ಮಾತ್ರೆ ನಡೆಯುತ್ತಿದೆ, ಏದುಸಿರು ಅರ್ಧದಷ್ಟು ಇಳಿದಿದೆ. ಚುಚ್ಚುಮದ್ದು ಸದ್ಯಕ್ಕೆ ಬೇಡ, ಆರು ತಿಂಗಳು ನೋಡೋಣ ಎಂದರು. ಮನೆಯಲ್ಲಿ ಅಳೆದ ರಕ್ತದೊತ್ತಡದ ಸರಾಸರಿ 128/82. ತೂಕ 79.6. ಎಚ್‌ಬಿಎ1ಸಿ ಪರೀಕ್ಷೆಯನ್ನು ರಕ್ತ ಸುಧಾರಿಸಿದ ಮೇಲೆ ಮತ್ತೆ ಮಾಡುತ್ತಾರಂತೆ.

ಹೆದರಿಕೆಯ ಸುದ್ದಿ ಬಂದದ್ದು ನಾನು ನೋಡದೇ ಇದ್ದ ಕಡೆಯಿಂದ. ಯಂತ್ರ ಮನೆಗೆ ಬಂದಿದೆಯಲ್ಲ ಎಂದು ಯಜಮಾನರ ತೋಳಿಗೂ ಕಟ್ಟಿದೆವು. 162/100. ಮೂರು ದಿನ ನೋಡಿದರೂ ಅಷ್ಟೇ. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮನೆಯಲ್ಲಿ ಎಲ್ಲರಿಗಿಂತ ತೆಳ್ಳಗಿನವರು, ಯಾರೂ ಒಂದು ಮಾತು ಅನ್ನದಿದ್ದವರು ಅವರೇ. ತಂಗಿಯ ಎಚ್‌ಬಿಎ1ಸಿ 6.8. ಫೋನಿನಲ್ಲಿ ಇಬ್ಬರೂ ಅತ್ತೆವು, ಆಮೇಲೆ ಅವಳ ಚೀಟಿಯನ್ನೂ ಕೂಡಿ ಬರೆದೆವು.

ಮಗಳನ್ನು ಮಕ್ಕಳ ವೈದ್ಯರಿಗೆ ತೋರಿಸಿದೆ. ನಕ್ಷೆಯಲ್ಲಿ ಸ್ವಲ್ಪ ಮೇಲಿದ್ದಾಳೆ, ಎತ್ತರ ಏರುತ್ತಿದೆ, ಆರು ತಿಂಗಳ ನಂತರ ಬನ್ನಿ ಎಂದರು. ತೂಕ ನೋಡುವಾಗ ಅಂಕಿಯನ್ನು ಗಟ್ಟಿಯಾಗಿ ಹೇಳಬೇಡಿ ಎಂದು ನಾನು ಮೊದಲೇ ಕೇಳಿಕೊಂಡಿದ್ದೆ, ಹೇಳಲಿಲ್ಲ. ಅವಳ ಪ್ರಶ್ನೆಗೂ ಉತ್ತರ ಕೊಟ್ಟೆ. "ನಿನ್ನ ತೂಕಕ್ಕೂ ನನ್ನ ಅಳುವಿಗೂ ಸಂಬಂಧವಿಲ್ಲ, ನನಗೆ ಹೆದರಿಕೆಯಾಗಿತ್ತು, ಆ ಹೆದರಿಕೆಯನ್ನು ನಿನ್ನ ಮೇಲೆ ಹೊರಿಸಿದೆ, ತಪ್ಪಾಯಿತು" ಎಂದೆ. ಅವಳು ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು ಸಂಜೆ ನನ್ನ ಜೊತೆ ನಡೆಯಲು ತಾನೂ ಬರುತ್ತೇನೆ ಎಂದಳು. ಎಷ್ಟು ದೂರ, ಎಷ್ಟು ವೇಗ ಎಂಬುದನ್ನು ಅವಳೇ ಗೊತ್ತುಮಾಡುತ್ತಾಳೆ.

ಕಳೆದ ವಾರ ನಡೆಯುತ್ತಿದ್ದಾಗ ಕೇಳಿದಳು, "ಅಜ್ಜ ಹೇಗಿದ್ದರು?" ನಾನು ಅಭ್ಯಾಸದಂತೆ ಸಕ್ಕರೆ, ಹೃದಯ ಎಂದು ಶುರುಮಾಡಿದೆ. "ಅದಲ್ಲ ಅಮ್ಮಾ, ಕಾಯಿಲೆ ಬರುವ ಮುಂಚೆ" ಎಂದಳು. ನನಗೆ ಮಾತು ನಿಂತುಹೋಯಿತು. ಈ ಮಗುವಿಗೆ ಅಜ್ಜ ಎಂದರೆ ಎರಡು ಹೃದಯಾಘಾತ, ಅಷ್ಟೇ. ಹಾಗೆ ಮಾಡಿದವಳು ನಾನು.

ಅಜ್ಜ ಕೆಟ್ಟ ರೇಡಿಯೋಗಳನ್ನು ಬಿಚ್ಚಿ ಸರಿಮಾಡುತ್ತಿದ್ದರು, ತಿರುಪುಮೊಳೆಗಳನ್ನು ತುಟಿಯ ನಡುವೆ ಹಿಡಿದುಕೊಂಡೇ ನಮಗೆ ಕಥೆ ಹೇಳುತ್ತಿದ್ದರು, ಕಥೆಯ ಅರ್ಧ ಮಾತು ನಮಗೆ ಅರ್ಥವೇ ಆಗುತ್ತಿರಲಿಲ್ಲ ಎಂದು ಹೇಳಿದೆ. ಅವಳು ಎರಡು ಬೆರಳು ತುಟಿಗೆ ಇಟ್ಟುಕೊಂಡು ಹಾಗೆ ಮಾತನಾಡಲು ನೋಡಿದಳು. ಆ ದಿನ ನಾವು ದಿನಕ್ಕಿಂತ ಒಂದು ಸುತ್ತು ಹೆಚ್ಚು ನಡೆದೆವು.